ಹಳೆಯ ಬೇಸ್ ಗಿಟಾರ್ ಕೊಳ್ಳುವಾಗ ಮೊದಲು ನೆಕ್ ನೋಡಿ

ಹಳೆಯ ಬೇಸ್ ಗಿಟಾರ್ ಕೈಗೆ ಬಂದರೆ ನಾನು ಮೊದಲು ಬಣ್ಣ ನೋಡುವುದಿಲ್ಲ. ಸೀರಿಯಲ್ ನಂಬರಿಗೂ ಆಮೇಲೆ ಬರುತ್ತೇನೆ. ಒಂದು ಕಣ್ಣು ಮುಚ್ಚಿ, ತಂತಿ ಬಿಗಿಸುವ ಟ್ಯೂನರ್‌ಗಳಿರುವ ಹೆಡ್‌ಸ್ಟಾಕ್ ಕಡೆಯಿಂದ, ತಂತಿಗಳು ಬಾಡಿಯ ಮೇಲೆ ಕೂರುವ ಬ್ರಿಜ್ ಕಡೆಗೆ, ನೆಕ್‌ನ (ಎಡಗೈ ಓಡಾಡುವ ಉದ್ದ ಮರದ) ಅಂಚಿನುದ್ದಕ್ಕೂ ನೋಡುತ್ತೇನೆ. ಗೆರೆ ನೇರ ಇದೆಯಾ, ಬಾಗಿದೆಯಾ, ತಿರುಚಿಕೊಂಡಿದೆಯಾ? ಬೆಲೆಯ ಮಾತು, ವರ್ಷದ ಮಾತು ಎಲ್ಲ ಅದಾದ ಮೇಲೆ.

ತಂತಿಯ ಕಂಪನ ಹಿಡಿಯುವ ಪಿಕಪ್ ಸತ್ತರೆ ಅದಕ್ಕೆ ಹೊಸ ತಂತಿ ಸುತ್ತಿಸಬಹುದು. ಪಾಟ್ (ವಾಲ್ಯೂಮ್, ಟೋನ್ ತಿರುಗಿಸುವ ಭಾಗ), ಜ್ಯಾಕ್, ಬ್ರಿಜ್, ಟ್ಯೂನರ್ ಬದಲಿಸಬಹುದು. ಬಣ್ಣ ಹೋಗಿದ್ದರೆ ನುಡಿಸುವವರಿಗೆ ಏನೂ ನಷ್ಟವಿಲ್ಲ. ಆದರೆ ನೆಕ್ ತಿರುಚಿಕೊಂಡು, ಒಳಗಿನ ಟ್ರಸ್ ರಾಡ್ (ನೆಕ್ ಬಾಗದಂತೆ ಹಿಡಿಯುವ ಲೋಹದ ಸರಳು) ಇನ್ನು ತಿರುಗದಷ್ಟು ಬಿಗಿದು ಹೋಗಿದ್ದರೆ, ಆ ಬೇಸ್ ಅನ್ನು ನುಡಿಸುವ ಸ್ಥಿತಿಗೆ ತರಲು ವಾದ್ಯದ ಬೆಲೆಯಷ್ಟೇ ಖರ್ಚು ಬರಬಹುದು. ನಾಲ್ಕು ತಂತಿಗಳು ಸೇರಿ ನೆಕ್ ಮೇಲೆ ಸುಮಾರು 70ರಿಂದ 80 ಕಿಲೋ ಎಳೆತ ಹಾಕುತ್ತವೆ. 1960ರ ದಶಕದ ಒಂದು ಬೇಸ್ ಆ ಎಳೆತವನ್ನು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ತಡೆದುಕೊಂಡಿದೆ. ಇನ್ನೂ ನೇರ ಇದ್ದರೆ ಆ ಮರ ಒಳ್ಳೆಯದೇ ಅಂತ ಅರ್ಥ.

ನಾನು ನುಡಿಸುವುದು ಅಮೆರಿಕದ ಫೆಂಡರ್ ಕಂಪನಿಯ 1973ರ ಒಂದು ಪ್ರಿಸಿಷನ್ ಬೇಸ್. ಅದರ ಮೂಲ ಬಣ್ಣವನ್ನು ಯಾರೋ ಕೆರೆದು ತೆಗೆದಿದ್ದಾರೆ. ಬ್ರಿಜ್ ಬದಲಾಗಿದೆ. ಸಂಗ್ರಹಕಾರರು ಅದನ್ನು ಎರಡನೇ ಸಲ ತಿರುಗಿ ನೋಡುವುದಿಲ್ಲ. ಆದರೆ ಆ ನೆಕ್ ಎಷ್ಟು ಚೆನ್ನಾಗಿದೆ ಎಂದರೆ, ಬೇರೆ ಯಾವ ಬೇಸ್ ಹಿಡಿದರೂ ಹತ್ತು ನಿಮಿಷದಲ್ಲಿ ಇದಕ್ಕೇ ವಾಪಸ್ ಬರುತ್ತೇನೆ. ಈ ಬರಹ ನುಡಿಸಬೇಕು ಅಂತ ಕೊಳ್ಳುವವರಿಗೆ.

ನೆಕ್ ಪರೀಕ್ಷೆ

ತಂತಿಗಳು ಸರಿಯಾದ ಶ್ರುತಿಯಲ್ಲಿ ಇರಲೇಬೇಕು. ಸಡಿಲ ತಂತಿಯ ಬೇಸ್ ತೋರಿಸಿ "ನೆಕ್ ನೇರ ಇದೆ" ಎಂದರೆ ಒಪ್ಪಬೇಡಿ. ಎಳೆತವೇ ಇಲ್ಲದಾಗ ನೇರ ಇರುವುದು ದೊಡ್ಡ ವಿಷಯವಲ್ಲ. ಶ್ರುತಿಗೆ ತಂದು, ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ನೋಡಿ.

ಅತಿ ದಪ್ಪನೆಯ ಇ ತಂತಿಯನ್ನು ಎಡಗೈಯಿಂದ 1ನೇ ಫ್ರೆಟ್‌ನಲ್ಲಿ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿಗಳೇ ಫ್ರೆಟ್) ಒತ್ತಿ. ಬಲಗೈಯಿಂದ ನೆಕ್ ಬಾಡಿಗೆ ಸೇರುವ ಜಾಗದಲ್ಲಿ ಒತ್ತಿ. ಈಗ ತಂತಿಯೇ ನಿಮ್ಮ ಅಳತೆಪಟ್ಟಿ. 7 ಅಥವಾ 8ನೇ ಫ್ರೆಟ್ ಹತ್ತಿರ ಫ್ರೆಟ್‌ಗೂ ತಂತಿಗೂ ನಡುವೆ ಒಂದು ಸಣ್ಣ ಸಂದು ಇರಬೇಕು. ಸುಮಾರು 0.3 ಮಿಲಿಮೀಟರ್, ಅಂದರೆ ಒಂದು ವಿಸಿಟಿಂಗ್ ಕಾರ್ಡಿನ ದಪ್ಪ. ಅದೇ ಕೆಲಸವನ್ನು ಅತಿ ತೆಳುವಾದ ಜಿ ತಂತಿಯ ಮೇಲೂ ಮಾಡಿ. ಎರಡೂ ಕಡೆ ಸಂದು ಹೆಚ್ಚುಕಡಿಮೆ ಒಂದೇ ಇದ್ದರೆ ಒಳ್ಳೆಯದು. ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಏನೂ ಇಲ್ಲ ಎಂದರೆ ನೆಕ್ ತಿರುಚಿಕೊಂಡಿದೆ. ಎರಡೂ ಕಡೆ ಜಾಸ್ತಿ ಇದ್ದರೆ ಟ್ರಸ್ ರಾಡ್ ಬಿಗಿ ಮಾಡಿದರೆ ಸರಿಹೋಗಬಹುದು. ರಾಡ್‌ನಲ್ಲಿ ಇನ್ನೂ ಜೀವ ಇದ್ದರೆ ಮಾತ್ರ.

ಅಲ್ಲೇ ಒಂದು ತೊಡಕು ಇದೆ. 1960ರ ದಶಕದ ಫೆಂಡರ್‌ಗಳಲ್ಲಿ ಟ್ರಸ್ ರಾಡ್‌ನ ನಟ್ ಇರುವುದು ಬಾಡಿಯ ಕಡೆ, ನೆಕ್‌ನ ಬುಡದಲ್ಲಿ. ಅದನ್ನು ತಿರುಗಿಸಬೇಕಾದರೆ ತಂತಿ ಸಡಿಲಿಸಿ, ಸ್ಕ್ರೂ ಬಿಚ್ಚಿ, ನೆಕ್ ಎತ್ತಬೇಕು. ಈ ತೊಂದರೆಗೆ ಹೆದರಿ ಎಷ್ಟೋ ಜನ ವರ್ಷಗಟ್ಟಲೆ ಮುಟ್ಟಿರುವುದೇ ಇಲ್ಲ. ಮಾರುವವರನ್ನು ನೇರವಾಗಿ ಕೇಳಿ: ರಾಡ್ ಎರಡೂ ಕಡೆಗೆ ತಿರುಗುತ್ತದೆಯೇ, ಕೊನೆಯ ಸಲ ಯಾವಾಗ ತಿರುಗಿಸಿದರು? ಗೊತ್ತಿಲ್ಲ ಎಂದರೆ, ವಾದ್ಯ ರಿಪೇರಿ ಗೊತ್ತಿರುವವರ ಕೈಯಲ್ಲಿ ಪರೀಕ್ಷೆ ಮಾಡಿಸಿದ ಮೇಲೆಯೇ ಹಣ ಕೊಡುವೆ ಎಂದು ಹೇಳಿ. ಹಳೆಯ ರಾಡ್ ಮೇಲೆ ನೀವೇ ಬಲ ಹಾಕಿ ನೋಡಬೇಡಿ.

ಇನ್ನೊಂದು ಕಾಯಿಲೆ ಇದೆ. 12ನೇ ಫ್ರೆಟ್‌ವರೆಗೆ ಎಲ್ಲ ಸರಿ, ಆಮೇಲೆ ಫಿಂಗರ್‌ಬೋರ್ಡ್‌ನ (ಫ್ರೆಟ್‌ಗಳು ಕೂತಿರುವ ಹಲಗೆಯ) ಕೊನೆ ಮೇಲಕ್ಕೆ ಎದ್ದಿರುತ್ತದೆ. ಮೇಲಿನ ಫ್ರೆಟ್‌ಗಳಲ್ಲಿ ಪ್ರತಿ ಸ್ವರವೂ ಝರ್ ಎನ್ನುತ್ತದೆ. ಇದು ಟ್ರಸ್ ರಾಡ್‌ನ ಕೈಗೆ ಸಿಗುವ ಜಾಗವಲ್ಲ. ಫ್ರೆಟ್ ತೆಗೆದು, ಮರ ಸಮ ಮಾಡಿ, ಹೊಸ ಫ್ರೆಟ್ ಹಾಕಬೇಕು. ಆ ಖರ್ಚನ್ನು ಬೆಲೆಯಲ್ಲೇ ಕಳೆಯಿರಿ.

ಆಮೇಲೆ ಒಂದೊಂದೇ ಸ್ವರ. ನಾಲ್ಕೂ ತಂತಿ, ಎಲ್ಲ ಫ್ರೆಟ್, ಆಂಪ್ (ಆಂಪ್ಲಿಫೈಯರ್) ಇಲ್ಲದೆ. ಪ್ರತಿ ಸ್ವರ ಎಷ್ಟು ಹೊತ್ತು ಉಳಿಯುತ್ತದೆ ಕೇಳಿ. ಫೆಂಡರ್ ಮಾದರಿಯ ಬೇಸ್‌ಗಳಲ್ಲಿ ಜಿ ತಂತಿಯ 5ರಿಂದ 7ನೇ ಫ್ರೆಟ್ ಆಸುಪಾಸಿನಲ್ಲಿ ಒಂದು ಸ್ವರ ಬೇಗ ಸತ್ತುಹೋಗುವುದು ಸಾಮಾನ್ಯ. ಆ ಸ್ವರದ ಕಂಪನವನ್ನು ನೆಕ್ಕೇ ಹೀರಿಕೊಳ್ಳುತ್ತದೆ. ಸ್ವಲ್ಪ ಇದ್ದರೆ ಚಿಂತೆ ಬೇಡ. ಹೆಡ್‌ಸ್ಟಾಕ್‌ಗೆ ಒಂದು ಸಣ್ಣ ಭಾರ ಕಚ್ಚಿಸಿದರೆ ಆ ಜಾಗ ಅತ್ತಿತ್ತ ಸರಿಯುತ್ತದೆ. ಜಿ ತಂತಿಯ 5ನೇ ಫ್ರೆಟ್‌ನ ಸ್ವರ ಡಿ ತಂತಿಯ 10ರಲ್ಲೂ ಸಿಗುತ್ತದೆ, ಅದನ್ನೂ ಬಳಸಬಹುದು. ಆದರೆ ಸ್ವರ ಎದ್ದ ಕೂಡಲೇ ಬಿದ್ದುಹೋಗುತ್ತಿದ್ದರೆ ಆ ಬೇಸ್ ಬಿಟ್ಟು ಬೇರೆ ನೋಡಿ.

ಬೇರೆ ಕಂಪನಿಗಳಾದ ಗಿಬ್ಸನ್, ರಿಕನ್‌ಬ್ಯಾಕರ್, ಹಾಫ್ನರ್‌ಗಳ ಬೇಸ್‌ಗಳಲ್ಲಿ ನೆಕ್‌ನ ತೊಂದರೆ ಬೇರೆ ಬೇರೆ. ಗಿಬ್ಸನ್ ಇಬಿ-0, ಇಬಿ-3, ಥಂಡರ್‌ಬರ್ಡ್‌ಗಳಲ್ಲಿ ಹೆಡ್‌ಸ್ಟಾಕ್ ಹಿಂದಕ್ಕೆ ವಾಲಿರುತ್ತದೆ. ಮರ ಮಹೋಗನಿ. ತಂತಿಗಳು ಹೆಡ್‌ಸ್ಟಾಕ್ ಬುಡದಲ್ಲಿ ಕೂರುವ ಸಣ್ಣ ಪಟ್ಟಿಗೂ ನಟ್ ಎಂದೇ ಹೆಸರು. ಅದರ ಹಿಂದೆಯೇ ಟ್ರಸ್ ರಾಡ್‌ಗಾಗಿ ಮರ ಕೊರೆದಿರುತ್ತಾರೆ, ಹಾಗಾಗಿ ಅತಿ ತೆಳು ಜಾಗ ಅದೇ. ವಾದ್ಯ ಒಮ್ಮೆ ಹಿಂದಕ್ಕೆ ಬಿದ್ದರೆ ಸಾಕು, ಅಲ್ಲೇ ಮುರಿಯುತ್ತದೆ. ಟಾರ್ಚ್ ಓರೆಯಾಗಿ ಹಿಡಿದು ಕೂದಲೆಳೆಯ ಬಿರುಕು ಹುಡುಕಿ. ಮುರಿದು ಚೆನ್ನಾಗಿ ಅಂಟಿಸಿದ್ದರೆ ನಾನಂತೂ ಕೊಳ್ಳುತ್ತೇನೆ. ಒಳ್ಳೆಯ ಅಂಟು ಗಟ್ಟಿ ನಿಲ್ಲುತ್ತದೆ, ಬೆಲೆಯೂ ಕೈಗೆಟುಕುತ್ತದೆ. ಅಡಗಿಸಿ ಮಾರಿದರೆ ಮಾತ್ರ ಅನ್ಯಾಯ.

ರಿಕನ್‌ಬ್ಯಾಕರ್ 4001ರ ಒಳಗೆ ಎರಡು ಟ್ರಸ್ ರಾಡ್ ಇವೆ. ಹಳೆಯವುಗಳಲ್ಲಿ ಮೊದಲು ನೆಕ್ ಅನ್ನು ಕೈಯಿಂದ ಬೇಕಾದ ಆಕಾರಕ್ಕೆ ತಂದು, ಆಮೇಲೆ ರಾಡ್‌ನ ನಟ್ ಬಿಗಿ ಮಾಡಿ ಅದನ್ನು ಅಲ್ಲೇ ನಿಲ್ಲಿಸಬೇಕು. ಇದು ಗೊತ್ತಿಲ್ಲದವರು ನಟ್ ಅನ್ನೇ ಜೋರಾಗಿ ತಿರುಗಿಸಿದರೆ ಫಿಂಗರ್‌ಬೋರ್ಡ್ ಮೇಲಕ್ಕೆ ಬಿಟ್ಟುಕೊಳ್ಳುತ್ತದೆ. ಹೆಡ್‌ಸ್ಟಾಕ್ ಹತ್ತಿರ ಫಿಂಗರ್‌ಬೋರ್ಡ್ ಮತ್ತು ನೆಕ್ ಸೇರುವ ಗೆರೆಯನ್ನು ಉಗುರಿನಿಂದ ಸವರಿ ನೋಡಿ. ಹಾಫ್ನರ್ 500/1 ಪೂರ್ತಿ ಟೊಳ್ಳು, ಬಹಳ ಹಗುರ. ಅದರಲ್ಲಿ ನೆಕ್ ಬಾಡಿಗೆ ಸೇರುವ ಬೆಸುಗೆ ಎದ್ದಿದೆಯಾ, ಮೇಲಿನ ಹಲಗೆ ಬ್ರಿಜ್ ಕೆಳಗೆ ಕುಸಿದಿದೆಯಾ ನೋಡಬೇಕು.

1970ರ ದಶಕದ ಮಧ್ಯದಿಂದ ಫೆಂಡರ್ ಜಾಝ್ ಬೇಸ್‌ನ ನೆಕ್ ಅನ್ನು ಬಾಡಿಗೆ ಬಿಗಿಯಲು ನಾಲ್ಕರ ಬದಲು ಮೂರು ಬೋಲ್ಟ್ ಬಂತು. ಕೆಲವು ಗಟ್ಟಿಯಾಗಿ ಕೂರುತ್ತವೆ, ಕೆಲವು ಪಕ್ಕಕ್ಕೆ ಅಲುಗುತ್ತವೆ. ಹೆಡ್‌ಸ್ಟಾಕ್ ಹಿಡಿದು ಮೆಲ್ಲಗೆ ಪಕ್ಕಕ್ಕೆ ಒತ್ತಿ. ಇ ಅಥವಾ ಜಿ ತಂತಿ ಫಿಂಗರ್‌ಬೋರ್ಡ್ ಅಂಚಿನ ಕಡೆ ಸರಿದರೆ ನೆಕ್ ಸರಿಯಾಗಿ ಕೂತಿಲ್ಲ. ಅವುಗಳಲ್ಲಿ ಒಂದು ಅನುಕೂಲವೂ ಉಂಟು: ಟ್ರಸ್ ರಾಡ್ ತಿರುಗಿಸುವ ಜಾಗ ಹೆಡ್‌ಸ್ಟಾಕ್ ಕಡೆಗೆ ಬಂದಿದೆ.

ನಿಮ್ಮ ಕೈಗೆ ಯಾವುದು

ನನ್ನ ಕೈ ಚಿಕ್ಕದು. ಹಾಗಾಗಿ ನೆಕ್‌ನ ಅಗಲದ ಬಗ್ಗೆ ನನಗೆ ಬೇರೆಯವರಿಗಿಂತ ಜಾಸ್ತಿ ಕಾಳಜಿ. ಹಳೆಯ ಪ್ರಿಸಿಷನ್‌ನ ನೆಕ್ ನಟ್ ಹತ್ತಿರ ಸುಮಾರು 44 ಮಿಲಿಮೀಟರ್ ಅಗಲ. ಜಾಝ್ ಬೇಸ್‌ನದು 38. ಆರು ಮಿಲಿಮೀಟರ್ ಕಾಗದದ ಮೇಲೆ ಏನೂ ಅಲ್ಲ, ಕೈಯಲ್ಲಿ ಬಹಳ. 1960ರ ದಶಕದಿಂದ ಫೆಂಡರ್ ಈ ಅಗಲಕ್ಕೆ ಎ, ಬಿ, ಸಿ, ಡಿ ಎಂದು ಅಕ್ಷರ ಕೊಟ್ಟು ನೆಕ್‌ನ ಬುಡದಲ್ಲಿ ಮುದ್ರೆ ಒತ್ತುತ್ತಿತ್ತು. ಎ ಅತಿ ಕಿರಿದು. ಎ ಅಗಲದ ನೆಕ್ ಇರುವ ಪ್ರಿಸಿಷನ್‌ಗಳೂ ಇವೆ. ಸಣ್ಣ ಕೈಯವರು ಇದನ್ನು ಕೇಳಿ ಹುಡುಕಿ.

ತಂತಿಯ ಉದ್ದವೂ ಮುಖ್ಯ. ಫೆಂಡರ್ 34 ಇಂಚು. ರಿಕನ್‌ಬ್ಯಾಕರ್ ಸ್ವಲ್ಪ ಕಡಿಮೆ, 33.25. ಗಿಬ್ಸನ್ ಇಬಿ ಸಾಲಿನ ಹೆಚ್ಚಿನವು 30.5. ಹಾಫ್ನರ್ 30. ಚಿಕ್ಕ ಬೇಸ್‌ಗಳನ್ನು ಮಕ್ಕಳ ವಾದ್ಯ ಎಂದು ತಳ್ಳಿಹಾಕುವವರ ಮಾತು ಕೇಳಬೇಡಿ. ತಂತಿ ಗಿಡ್ಡವಾದಾಗ ಎಳೆತ ಕಡಿಮೆ, ದನಿ ದುಂಡಗೆ, ಮೆತ್ತಗೆ ಬರುತ್ತದೆ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಕೊಂಡಿದ್ದು ಇಂಥದ್ದೇ ಹಾಫ್ನರ್.

ಭಾರ ನೋಡದೆ ಕೊಳ್ಳಬೇಡಿ. 1970ರ ದಶಕದ ಆಶ್ ಮರದ ಬೇಸ್‌ಗಳಲ್ಲಿ ನಾಲ್ಕೂವರೆ ಕಿಲೋ ದಾಟಿದವು ತುಂಬ ಇವೆ. ಕೂತು ನುಡಿಸಿದಾಗ ಗೊತ್ತಾಗುವುದಿಲ್ಲ. ಬೆಲ್ಟ್ ಹಾಕಿ ಅರ್ಧ ಗಂಟೆ ನಿಂತು ನುಡಿಸಿ. ಭುಜ ಹೇಳುತ್ತದೆ.

ಯಾವ ವರ್ಷದ್ದು

ಬೆಲೆ ಏರುವುದು ಇಳಿಯುವುದು ಕೆಲವು ವರ್ಷಗಳ ಸುತ್ತ. ಲಿಯೋ ಫೆಂಡರ್ ಅವರ ಪ್ರಿಸಿಷನ್ ಬೇಸ್ ಬಂದದ್ದು 1951ರಲ್ಲಿ. 1957ರಲ್ಲಿ ಅದಕ್ಕೆ ಎರಡು ತುಂಡಿನ, ಗುಂಯ್ ಎನ್ನದ ಪಿಕಪ್ ಬಂತು. ಇಂದಿಗೂ ಪ್ರಿಸಿಷನ್ ಎಂದರೆ ಅದೇ ರೂಪ. 1960ರಲ್ಲಿ ಜಾಝ್ ಬೇಸ್. 1965ರ ಜನವರಿಯಲ್ಲಿ ಸಿಬಿಎಸ್ ಕಂಪನಿ ಫೆಂಡರ್ ಅನ್ನು ಕೊಂಡಿತು. ಸಂಗ್ರಹಕಾರರು ಅಲ್ಲಿ ಒಂದು ಗೆರೆ ಎಳೆದುಬಿಟ್ಟಿದ್ದಾರೆ. ಗೆರೆಯ ಆ ಕಡೆಯದಕ್ಕೆ ಬೆಲೆ ಜಾಸ್ತಿ, ಈ ಕಡೆಯದಕ್ಕೆ ಕಡಿಮೆ. ಆದರೆ ಮಾಲೀಕರು ಬದಲಾದ ಮರುದಿನವೇ ಕಾರ್ಖಾನೆಯ ಮರ, ಯಂತ್ರ, ಕೆಲಸಗಾರರ ಕೈ ಬದಲಾಗಲಿಲ್ಲ. 1965, 66ರ ಬೇಸ್‌ಗಳಲ್ಲಿ ಅದ್ಭುತವಾದವು ಇವೆ. ಗೆರೆಯ ಈ ಕಡೆಯೇ ಹುಡುಕಿ, ಸುಮ್ನೆ ಜಾಸ್ತಿ ಕೊಡಬೇಡಿ.

ಜಾಝ್ ಬೇಸ್ ಕೊಳ್ಳುವವರು ಇನ್ನೊಂದು ಗಮನಿಸಬೇಕು. 1970ರ ದಶಕದ ಆರಂಭದಲ್ಲಿ ಅದರ ಎರಡು ಪಿಕಪ್‌ಗಳಲ್ಲಿ ಹಿಂದಿನದನ್ನು ಬ್ರಿಜ್ ಕಡೆಗೆ ಸುಮಾರು ಒಂದು ಸೆಂಟಿಮೀಟರ್ ಸರಿಸಿದರು. ದನಿ ಹೆಚ್ಚು ಚೂಪಾಯಿತು. ಬೇಸ್ ವಾದಕ ಮಾರ್ಕಸ್ ಮಿಲ್ಲರ್ ಅವರ 1977ರ ಜಾಝ್ ಬೇಸ್ ಕೇಳಿದವರಿಗೆ ಆ ಚೂಪು ಗೊತ್ತು. ನಿಮಗೆ 60ರ ದಶಕದ ದುಂಡನೆಯ ದನಿ ಬೇಕಿದ್ದರೆ 70ರ ದಶಕದ್ದು ಅದನ್ನು ಕೊಡುವುದಿಲ್ಲ. ಇದು ಒಳ್ಳೆಯದು ಕೆಟ್ಟದ್ದರ ಮಾತಲ್ಲ, ಯಾವುದು ಬೇಕು ಎಂಬ ಮಾತು.

ನನ್ನನ್ನು ಕೇಳಿದರೆ, ಕಡಿಮೆ ಹಣದಲ್ಲಿ ಹಳೆಯ ಫೆಂಡರ್‌ನ ಅನುಭವ ಬೇಕಾದವರು 1980ರ ದಶಕದ ಆರಂಭದ ಜಪಾನ್ ತಯಾರಿಯನ್ನು ನೋಡಬೇಕು. ಫೆಂಡರ್ ಜಪಾನ್ ಶುರುವಾದದ್ದು 1982ರಲ್ಲಿ. ಫುಜಿಜೆನ್ ಕಾರ್ಖಾನೆ 50 ಮತ್ತು 60ರ ದಶಕದ ಮಾದರಿಗಳನ್ನು ಬಹಳ ಶ್ರದ್ಧೆಯಿಂದ ಮತ್ತೆ ಮಾಡಿತು. ಸೀರಿಯಲ್ ನಂಬರ್ ಜೆವಿ ಎಂದು ಶುರುವಾಗುತ್ತದೆ. ಅದೇ ಕಾಲದ ಟೋಕಾಯ್, ಗ್ರೆಕೋ ಬೇಸ್‌ಗಳೂ ಗಟ್ಟಿ ಕೆಲಸದವು. ಇವಕ್ಕೂ ಈಗ ನಲವತ್ತು ದಾಟಿದೆ, ಅಲ್ವಾ? ಹಳೆಯದು ಎನ್ನಲು ಅಷ್ಟು ಸಾಕು.

ಮೂಲ ಬಣ್ಣ ಹೋಗಿರುವ ಬೇಸ್‌ಗೆ ಬೆಲೆ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ವ್ಯಾಪಾರದಲ್ಲಿ ಎಲ್ಲರೂ ಒಪ್ಪುವ ಲೆಕ್ಕ. ನುಡಿಸುವವರಿಗೆ ಅದೇ ದೊಡ್ಡ ಅವಕಾಶ. ಮಾರುವವರು ಇವನ್ನು ಪ್ಲೇಯರ್ ಗ್ರೇಡ್ ಎನ್ನುತ್ತಾರೆ. ನೆಕ್ ಒಳ್ಳೆಯದು, ಪಿಕಪ್ ಮೂಲದ್ದು, ಬಣ್ಣ ಹೊಸದು: ಈ ಮೂರು ಸೇರಿರುವುದನ್ನು ಹುಡುಕಿ.

ಹೇಳಿದ್ದು ನಿಜವೇ

ಪೂರ್ತಿ ಮೂಲದ್ದು ಎಂದು ಹೇಳಿ ಅದಕ್ಕೆ ತಕ್ಕ ಬೆಲೆ ಕೇಳಿದರೆ ಪಿಕ್‌ಗಾರ್ಡ್ (ಬಾಡಿಯ ಮುಂಭಾಗದ ತೆಳು ಹಲಗೆ) ಬಿಚ್ಚಿಸಿ ನೋಡುವುದು ನಿಮ್ಮ ಹಕ್ಕು. ಒಳಗೆ ಪಾಟ್‌ಗಳ ಬೆನ್ನ ಮೇಲೆ ಅಥವಾ ಪಕ್ಕದಲ್ಲಿ ಅಂಕಿಗಳಿವೆ. ಮೊದಲ ಮೂರು ಪಾಟ್ ಮಾಡಿದ ಕಂಪನಿಯ ಗುರುತು: 304 ಎಂದು ಶುರುವಾದರೆ ಸ್ಟ್ಯಾಕ್‌ಪೋಲ್, 137 ಎಂದರೆ ಸಿಟಿಎಸ್. ಆಮೇಲೆ ವರ್ಷ, ಕೊನೆಯ ಎರಡು ಅಂಕಿ ವಾರ. 1377208 ಎಂದಿದ್ದರೆ ಸಿಟಿಎಸ್, 1972, 8ನೇ ವಾರ. 1950ರ ದಶಕದವುಗಳಲ್ಲಿ ವರ್ಷಕ್ಕೆ ಒಂದೇ ಅಂಕಿ ಇರುತ್ತದೆ. ಇದು ಪಾಟ್ ತಯಾರಾದ ದಿನ, ಬೇಸ್ ತಯಾರಾದ ದಿನವಲ್ಲ. 1966ರಲ್ಲಿ ಫೆಂಡರ್ ರಾಶಿ ಪಾಟ್ ತರಿಸಿಕೊಂಡಿತ್ತು, ಅವು ಮುಂದಿನ ಕೆಲವು ವರ್ಷ ಬಳಕೆಯಾದವು. ಹಾಗಾಗಿ 1968ರ ಬೇಸ್‌ನಲ್ಲಿ 66ರ ಪಾಟ್ ಇದ್ದರೆ ಗಾಬರಿ ಬೇಡ. 1962ರ ಬೇಸ್‌ನಲ್ಲಿ ಅದೇ ಪಾಟ್ ಇದ್ದರೆ ಯಾರೋ ಬದಲಿಸಿದ್ದಾರೆ. ಸೋಲ್ಡರ್ ನೋಡಿ. ಹಳೆಯದು ಮಂಕಾಗಿರುತ್ತದೆ. ಹೊಳೆಯುವ ಹೊಸ ಸೋಲ್ಡರ್ ಕಂಡರೆ ಯಾಕೆ ಎಂದು ಕೇಳಿ.

ನೆಕ್ ಬಿಚ್ಚಿದಾಗ ಬುಡದಲ್ಲಿ ಪೆನ್ಸಿಲ್ ಬರಹ ಅಥವಾ ಮುದ್ರೆಯ ತಾರೀಕು ಸಿಗುತ್ತದೆ. ಅದು ನೆಕ್‌ನ ತಾರೀಕು. 1950ರ ದಶಕದ ಮಧ್ಯದಿಂದ 1976ರವರೆಗೆ ಫೆಂಡರ್‌ನ ಸೀರಿಯಲ್ ನಂಬರ್ ಇದ್ದದ್ದು ಬಾಡಿಯ ಹಿಂಭಾಗದ ಲೋಹದ ತಗಡಿನ ಮೇಲೆ. ನಾಲ್ಕು ಸ್ಕ್ರೂ ಬಿಚ್ಚಿದರೆ ಆ ತಗಡು ಯಾವ ಬೇಸ್‌ಗಾದರೂ ಹೋಗಬಹುದು. ಬರೀ ಅದನ್ನು ನಂಬಿ ಹಣ ಕೊಡಬೇಡಿ. ತಗಡು, ನೆಕ್, ಪಾಟ್ ಮೂರೂ ಒಂದೇ ಕಾಲವನ್ನು ಹೇಳಬೇಕು.

ಬಣ್ಣಕ್ಕೆ ನೇರಳಾತೀತ ದೀಪ ಒಳ್ಳೆಯ ಸಾಕ್ಷಿ. ಕತ್ತಲಲ್ಲಿ ಆ ಬೆಳಕು ಬಿಟ್ಟರೆ ಹಳೆಯ ನೈಟ್ರೋ ಲ್ಯಾಕರ್ (ನೈಟ್ರೋಸೆಲ್ಯುಲೋಸ್ ಮೆರುಗು) ಹಸಿರು ಮಿಶ್ರಿತ ಹಳದಿಯಾಗಿ ಹೊಳೆಯುತ್ತದೆ. ಹೊಸದಾಗಿ ಬಳಿದ ಜಾಗ ಬೇರೆಯಾಗಿ ಕಾಣುತ್ತದೆ. ಪಿಕ್‌ಗಾರ್ಡ್ ಅಡಿಯಲ್ಲಿ ಹೆಚ್ಚುವರಿ ಗುಂಡಿ ಕೊರೆದಿದ್ದಾರಾ ಅಂತಲೂ ನೋಡಿ. 70ರ ದಶಕದಲ್ಲಿ ಪ್ರಿಸಿಷನ್‌ಗೆ ಇನ್ನೊಂದು ಪಿಕಪ್ ಸೇರಿಸುವುದು, ಬ್ರಿಜ್ ಬದಲಿಸುವುದು ಬಹಳ ನಡೆದಿತ್ತು.

ಪಿಕಪ್‌ಗೆ ಮಲ್ಟಿಮೀಟರ್ ತೆಗೆದುಕೊಂಡು ಹೋಗಿ. ಕೇಬಲ್ ಚುಚ್ಚಿ, ವಾಲ್ಯೂಮ್ ಪೂರ್ತಿ ಏರಿಸಿ, ಇನ್ನೊಂದು ತುದಿಯಲ್ಲಿ ಅಳೆಯಿರಿ. ಪ್ರಿಸಿಷನ್ ಪಿಕಪ್ ಸಾಮಾನ್ಯವಾಗಿ 10ರಿಂದ 12 ಕಿಲೋ ಓಮ್, ಜಾಝ್‌ನದು 7ರಿಂದ 8. ಜಾಝ್‌ನಲ್ಲಿ ಒಂದೊಂದನ್ನೇ ಅಳೆಯಬೇಕಾದ್ದರಿಂದ ಪಾಟ್‌ಗಳಿರುವ ಲೋಹದ ತಗಡು ಬಿಚ್ಚಿದಾಗ ನೇರ ಪಿಕಪ್‌ನ ವೈರ್‌ಗೇ ಹಚ್ಚಿ. ಕೇಬಲ್ ಮೂಲಕ ಅಳೆದರೆ ಸ್ವಲ್ಪ ಕಡಿಮೆ ತೋರಿಸುತ್ತದೆ, ಅದು ಸಹಜ. ಬಹಳ ಕಡಿಮೆ ಇದ್ದರೆ ಒಳಗೆ ಶಾರ್ಟ್ ಆಗಿರಬಹುದು. ನೇರ ವೈರ್‌ನಲ್ಲೂ ಮೀಟರ್ ಏನೂ ತೋರಿಸದಿದ್ದರೆ ತಂತಿ ಕಡಿದಿದೆ.

ಆಮೆಚಿಪ್ಪಿನ ಬಣ್ಣದ ಹಳೆಯ ಪಿಕ್‌ಗಾರ್ಡ್ ಸೆಲ್ಯುಲಾಯ್ಡ್. ಅದು ಕಾಲಕ್ರಮೇಣ ಕುಗ್ಗುತ್ತದೆ, ಸ್ಕ್ರೂ ಹತ್ತಿರ ಸೀಳುತ್ತದೆ. ಕೊಳೆಯಲು ಶುರುವಾದರೆ ಅದರಿಂದ ಬರುವ ಆವಿ ಹತ್ತಿರದ ಲೋಹವನ್ನೆಲ್ಲ ತಿನ್ನುತ್ತದೆ. ಕೇಸ್ ತೆರೆದಾಗ ಹುಳಿ ವಾಸನೆ, ಸ್ಕ್ರೂಗಳ ಮೇಲೆ ಹಸಿರು ತುಕ್ಕು ಕಂಡರೆ ಆ ಪಿಕ್‌ಗಾರ್ಡ್ ಬಿಚ್ಚಿ ಬೇರೆ ಇಡಿ. ಬೆಂಕಿಯಿಂದಲೂ ದೂರ ಇಡಿ, ಸೆಲ್ಯುಲಾಯ್ಡ್ ಬೇಗ ಹೊತ್ತಿಕೊಳ್ಳುತ್ತದೆ.

ಬೇರೆ ದೇಶದಿಂದ ತರಿಸುವವರಿಗೆ ಒಂದು ಕಾನೂನಿನ ಮಾತು. 1960ರ ದಶಕದ ಮೊದಲ ಭಾಗದ ಎಷ್ಟೋ ಫಿಂಗರ್‌ಬೋರ್ಡ್‌ಗಳು ಬ್ರೆಜಿಲ್‌ನ ರೋಸ್‌ವುಡ್. ಆ ಮರ 1992ರಿಂದ ಸೈಟಿಸ್ ಒಪ್ಪಂದದ (ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದ) ಮೊದಲ ಪಟ್ಟಿಯಲ್ಲಿದೆ. ಪರವಾನಗಿ ಇಲ್ಲದೆ ಗಡಿ ದಾಟಿಸಿ ಮಾರುವಂತಿಲ್ಲ, ಹಿಡಿದರೆ ವಾದ್ಯ ಹೋಗಬಹುದು. ಉಳಿದ ರೋಸ್‌ವುಡ್‌ಗಳೂ 2017ರಲ್ಲಿ ಎರಡನೇ ಪಟ್ಟಿಗೆ ಸೇರಿದ್ದವು, ಪೂರ್ತಿ ತಯಾರಾದ ಸಂಗೀತ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು. ಬ್ರೆಜಿಲ್ ಮರಕ್ಕೆ ಆ ವಿನಾಯಿತಿ ಇಲ್ಲ. ಮೇಪಲ್ ಫಿಂಗರ್‌ಬೋರ್ಡ್‌ಗೆ ಈ ಚಿಂತೆಯೇ ಇಲ್ಲ.

ನೋಡದೆ ದೂರದಿಂದ ಕೊಳ್ಳುವುದಾದರೆ ಪಾಟ್‌ಗಳ ಅಂಕಿ, ನೆಕ್‌ನ ಬುಡ, ಪಿಕ್‌ಗಾರ್ಡ್ ಅಡಿ, ಹೆಡ್‌ಸ್ಟಾಕ್‌ನ ಹಿಂಭಾಗ, ನೆಕ್‌ನ ಉದ್ದ ನೋಟ ಇವುಗಳ ಫೋಟೋ ಕೇಳಿ. ಒಬ್ಬ ಮಾರಾಟಗಾರರು ನನಗೆ "ಬಿಚ್ಚಿದರೆ ಬೆಲೆ ಕಡಿಮೆಯಾಗುತ್ತದೆ" ಎಂದು ಹೇಳಿದ್ದರು. ಜಾಗ್ರತೆಯಾಗಿ ಬಿಚ್ಚಿ ಹಾಕಿದರೆ ಏನೂ ಆಗುವುದಿಲ್ಲ. ಮಾತು ಅಲ್ಲಿಗೇ ನಿಲ್ಲಿಸಿದೆ. ಪೆಟ್ಟಿಗೆ ಬಂದ ಮೇಲೆ ತಕ್ಷಣ ತೆರೆಯಬೇಡಿ. ಚಳಿಯಿಂದ ಬೆಚ್ಚಗಿನ ಕೋಣೆಗೆ ಒಮ್ಮೆಲೇ ಬಂದರೆ ಹಳೆಯ ಲ್ಯಾಕರ್ ಬಿರುಕು ಬಿಡುತ್ತದೆ. ಒಂದು ದಿನ ಹಾಗೇ ಬಿಡಿ.

ನುಡಿಸುವುದು

ಹಳೆಯ ಬೇಸ್ ಕೊಂಡು ಹೊಸ ಹೊಳೆಯುವ ರೌಂಡ್‌ವೂಂಡ್ ತಂತಿ (ದುಂಡು ಎಳೆ ಸುತ್ತಿದ್ದು) ಹಾಕಿ, ತಂತಿಗಳನ್ನು ಫ್ರೆಟ್‌ಗೆ ತೀರಾ ಹತ್ತಿರ ಇಳಿಸಿ ಜೋರಾಗಿ ಬಾರಿಸಿ, "ಏನೂ ವಿಶೇಷ ಇಲ್ಲ" ಎನ್ನುವವರನ್ನು ಕಂಡಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ. 50ರ ದಶಕ ಮತ್ತು 60ರ ಮೊದಲ ವರ್ಷಗಳ ಬೇಸ್‌ಗಳು ಹುಟ್ಟಿದ್ದು ಫ್ಲಾಟ್‌ವೂಂಡ್ ತಂತಿಗಾಗಿ. ಚಪ್ಪಟೆ ಪಟ್ಟಿ ಸುತ್ತಿದ ನುಣುಪು ತಂತಿ ಅದು. ರೌಂಡ್‌ವೂಂಡ್‌ನ ಗುಂಗು ದೊಡ್ಡದಾದದ್ದು 60ರ ದಶಕದ ಮಧ್ಯದಲ್ಲಿ, ದಿ ಹೂ ತಂಡದ ಬೇಸ್ ವಾದಕ ಜಾನ್ ಎಂಟ್ವಿಸಲ್ ತಂತಿ ಕಂಪನಿ ರೋಟೋಸೌಂಡ್ ಜೊತೆ ಸೇರಿ ಆ ತಂತಿಗಳನ್ನು ತಿದ್ದಿದ ಮೇಲೆ. ರಿಕನ್‌ಬ್ಯಾಕರ್‌ಗೆ, 70ರ ಜಾಝ್‌ಗೆ ರೌಂಡ್‌ವೂಂಡ್ ಚೆನ್ನ. ಹಳೆಯ ಪ್ರಿಸಿಷನ್‌ಗೆ ಮೊದಲು ಫ್ಲಾಟ್‌ವೂಂಡ್ ಹಾಕಿ ಕೆಲವು ತಿಂಗಳು ನುಡಿಸಿ, ಆಮೇಲೆ ತೀರ್ಮಾನ ಮಾಡಿ. ಅವು ಹಳತಾದಷ್ಟೂ ಚೆನ್ನಾಗುತ್ತವೆ.

ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಅವರ 1962ರ ಪ್ರಿಸಿಷನ್‌ನಲ್ಲಿ ಲಾ ಬೆಲ್ಲಾ ಕಂಪನಿಯ ದಪ್ಪ ಫ್ಲಾಟ್‌ವೂಂಡ್‌ಗಳಿದ್ದವು. ತಂತಿ ಕಡಿಯುವವರೆಗೆ ಅವರು ಬದಲಿಸುತ್ತಿರಲಿಲ್ಲ. ಬಲಗೈಯ ತೋರುಬೆರಳೊಂದರಲ್ಲೇ ನುಡಿಸುತ್ತಿದ್ದರು. ಬ್ರಿಜ್‌ನ ಲೋಹದ ಮುಚ್ಚಳದ ಒಳಗೆ ಒಂದು ಸ್ಪಂಜಿನ ತುಂಡು ತಂತಿಗೆ ತಾಗುತ್ತಿತ್ತು. ಆ ಸ್ಪಂಜು ಫೆಂಡರ್ ಕಾರ್ಖಾನೆಯೇ ಹಾಕುತ್ತಿದ್ದದ್ದು. ಈಗ ಸಿಗುವ ಬೇಸ್‌ಗಳಲ್ಲಿ ಮುಚ್ಚಳ ಕಳೆದಿರುತ್ತದೆ, ಸ್ಪಂಜು ಪುಡಿಯಾಗಿರುತ್ತದೆ. ಹೊಸ ತುಂಡು ಕತ್ತರಿಸಿ ಬ್ರಿಜ್ ಹತ್ತಿರ ತಂತಿಗಳ ಕೆಳಗೆ ತೂರಿಸಿ. ತಂತಿಗೆ ಮೆಲ್ಲಗೆ ತಾಗಿದರೆ ಸಾಕು. ಜಾಸ್ತಿ ಒತ್ತಿದರೆ ಶ್ರುತಿ ಮಸುಕಾಗುತ್ತದೆ, ಬರೀ ಡಬ್ ಡಬ್ ಉಳಿಯುತ್ತದೆ. ಸರಿಯಾಗಿ ಕೂತರೆ ಸ್ವರ ಸ್ಪಷ್ಟವಾಗಿ ಎದ್ದು, ಚಿಕ್ಕದಾಗಿ ನಿಂತು, ಮುಂದಿನ ಸ್ವರಕ್ಕೆ ಜಾಗ ಬಿಡುತ್ತದೆ. ಡ್ರಮ್ ಜೊತೆ ನುಡಿಸಿದಾಗ ಇದರ ಬೆಲೆ ಗೊತ್ತಾಗುತ್ತದೆ. ಅಮೆರಿಕದ ಬೇಸ್ ವಾದಕಿ ಕ್ಯಾರೊಲ್ ಕೇ ಅವರು ತಂತಿಯನ್ನು ಫೆಲ್ಟ್ ತುಂಡಿನಿಂದ ಅದುಮಿ ಪಿಕ್‌ನಲ್ಲಿ ನುಡಿಸುತ್ತಿದ್ದರು. ಅದನ್ನೂ ಪ್ರಯತ್ನಿಸಿ.

ಹಳೆಯ ಫೆಂಡರ್‌ನ ಪಿಕ್‌ಗಾರ್ಡ್ ಮೇಲೆ, ಜಿ ತಂತಿಯ ಆಚೆ ಬದಿಗೆ ಒಂದು ಸಣ್ಣ ಮರದ ಅಥವಾ ಪ್ಲಾಸ್ಟಿಕ್ ಪಟ್ಟಿ ಇರುತ್ತದೆ. ಎಷ್ಟೋ ಜನ ಇದು ಯಾಕೆ ಎಂದು ಕೇಳುತ್ತಾರೆ. ಬೆರಳುಗಳನ್ನು ಅದಕ್ಕೆ ಆನಿಸಿ ಹೆಬ್ಬೆರಳಲ್ಲಿ ಮೀಟಲಿ ಎಂದು ಇಟ್ಟದ್ದು. ಜನ ಬೆರಳಲ್ಲಿ ಮೀಟುವುದನ್ನೇ ಹಿಡಿದರು. ಕೊನೆಗೆ 1974ರ ಸುಮಾರಿಗೆ ಫೆಂಡರ್ ಆ ಪಟ್ಟಿಯನ್ನು ಇ ತಂತಿಯ ಕಡೆಗೆ, ಹೆಬ್ಬೆರಳು ಆನಿಸುವುದಕ್ಕೆ ಸರಿಸಿತು. ನಿಮ್ಮ ಬೇಸ್‌ನಲ್ಲಿ ಹಳೆಯ ಪಟ್ಟಿ ಇದ್ದರೆ ಒಂದು ಸಂಜೆ ಹಾಗೆ ನುಡಿಸಿ ನೋಡಿ. ಅಂಗೈಯ ಅಂಚು ಬ್ರಿಜ್ ಮೇಲೆ ಮೆಲ್ಲಗೆ, ಬೆರಳು ಪಟ್ಟಿಗೆ, ಹೆಬ್ಬೆರಳಿನ ಮಾಂಸದಿಂದ ತಂತಿ. ಬೇರೆ ಯಾವ ರೀತಿಯಲ್ಲೂ ಬಾರದ ಮೆತ್ತನೆಯ, ತುಂಬಿದ ದನಿ ಬರುತ್ತದೆ. ನಿಧಾನದ ಹಾಡುಗಳಿಗೆ ನಾನು ಈಗ ಹೀಗೇ ನುಡಿಸುವುದು.

ಹಳೆಯ ಫೆಂಡರ್ ಫಿಂಗರ್‌ಬೋರ್ಡ್‌ನ ಮೇಲ್ಮೈ ಇಂದಿನವಕ್ಕಿಂತ ಜಾಸ್ತಿ ದುಂಡು, 7.25 ಇಂಚಿನ ರೇಡಿಯಸ್. ಫ್ರೆಟ್‌ಗಳು ಸಣ್ಣ. ತಂತಿಯನ್ನು ತೀರಾ ಕೆಳಗಿಳಿಸಬೇಡಿ, ಸ್ವಲ್ಪ ಎತ್ತರ ಬಿಡಿ. ಆಂಪ್‌ನ ವಾಲ್ಯೂಮ್ ಏರಿಸಿ, ಕೈ ಹಗುರ ಮಾಡಿ. ಹಗುರ ಕೈಗೆ ಈ ವಾದ್ಯಗಳು ದೊಡ್ಡ ದನಿ ಕೊಡುತ್ತವೆ. ಆಂಪ್‌ನಲ್ಲಿ ಟ್ವೀಟರ್ (ಚೂಪು ದನಿಯ ಸಣ್ಣ ಸ್ಪೀಕರ್) ಇದ್ದರೆ ಮೊದಲು ಅದನ್ನು ಆಫ್ ಮಾಡಿ. 1960ರಲ್ಲಿ ಬಂದ ಆಂಪೆಗ್ ಬಿ-15ರಂಥ ಆಂಪ್‌ಗಳಲ್ಲಿ ಅದು ಇರಲೇ ಇಲ್ಲ. ಆ ಕಾಲದ ದನಿಯ ಅರ್ಧ ಗುಟ್ಟು ಅಲ್ಲಿದೆ.

ಜಾಝ್ ಬೇಸ್‌ನಲ್ಲಿ ಎರಡೂ ವಾಲ್ಯೂಮ್ ಪೂರ್ತಿ ಏರಿಸಿದರೆ ಗುಂಯ್ ಸದ್ದು ನಿಲ್ಲುತ್ತದೆ. ಒಂದನ್ನು ಸ್ವಲ್ಪ ಇಳಿಸಿದರೂ ಸದ್ದು ವಾಪಸ್. ಅದು ದೋಷವಲ್ಲ. ಹಿಂದಿನ ಪಿಕಪ್ ಮಾತ್ರ ಇಟ್ಟರೆ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ ನೆನಪಾಗುತ್ತಾರೆ. ಅವರು ಫ್ರೆಟ್ ಕಿತ್ತ 1962ರ ಜಾಝ್ ಬೇಸ್‌ಗೆ ದೋಣಿಗೆ ಬಳಿಯುವ ಎಪಾಕ್ಸಿ ಹಚ್ಚಿದ್ದರು. ಅವರ ದಾರಿ ಹಿಡಿದು ನಿಮ್ಮ ಹಳೆಯ ಬೇಸ್‌ನ ಫ್ರೆಟ್ ಕೀಳಬೇಡಿ. ಫ್ರೆಟ್‌ಲೆಸ್ ನೆಕ್ ಬೇರೆ ಕೊಂಡು ಹಾಕಿ, ಮೂಲದ್ದನ್ನು ಜೋಪಾನ ಮಾಡಿ.

1976ರಲ್ಲಿ ಬಂದ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ ಕೊಂಡಿದ್ದರೆ ಒಳಗೆ 9 ವೋಲ್ಟ್ ಬ್ಯಾಟರಿ ಇದೆ. ಕೇಬಲ್ ಚುಚ್ಚಿದ ಕೂಡಲೇ ಅದು ಖರ್ಚಾಗಲು ಶುರು. ನುಡಿಸಿ ಮುಗಿದ ಮೇಲೆ ಕೇಬಲ್ ಕೀಳಿ. ತಿಂಗಳುಗಟ್ಟಲೆ ಮುಟ್ಟುವುದಿಲ್ಲ ಎಂದಾದರೆ ಬ್ಯಾಟರಿ ತೆಗೆದೇ ಇಡಿ. ಸೋರಿದರೆ ಒಳಗಿನ ಭಾಗ ಹಾಳು.

ಇಟ್ಟುಕೊಳ್ಳುವ ಮಾತು ಸ್ವಲ್ಪವೇ. ಕೋಣೆಯ ತೇವಾಂಶ ಶೇ 45ರಿಂದ 55ರ ಒಳಗಿದ್ದರೆ ನೆಕ್ ನೆಮ್ಮದಿಯಾಗಿರುತ್ತದೆ. ರಬ್ಬರ್ ಹಿಡಿಕೆಯ ಸ್ಟ್ಯಾಂಡ್ ನೈಟ್ರೋ ಲ್ಯಾಕರ್ ಅನ್ನು ಕರಗಿಸುತ್ತದೆ, ಹತ್ತಿ ಬಟ್ಟೆ ಸುತ್ತಿಡಿ. ಹಾಫ್ನರ್‌ಗೆ ದಪ್ಪ, ಬಿಗಿ ತಂತಿ ಹಾಕಬೇಡಿ. ಹಳೆಯ ಸೋಲ್ಡರ್‌ನಲ್ಲಿ ಸೀಸ ಇರುತ್ತದೆ, ಮುಟ್ಟಿದ ಮೇಲೆ ಕೈ ತೊಳೆಯಿರಿ. ಯಾವ ಭಾಗ ಬದಲಿಸಿದರೂ, ಸುಟ್ಟ ಪಾಟ್ ಆಗಲಿ, ಸವೆದ ನಟ್ ಆಗಲಿ, ಹಳೆಯದನ್ನು ಎಸೆಯಬೇಡಿ. ಒಂದು ಚೀಲದಲ್ಲಿ ಹಾಕಿ, ಯಾವಾಗ ಏನು ಬದಲಿಸಿದಿರಿ ಎಂದು ಚೀಟಿ ಬರೆದು ಕೇಸ್‌ನಲ್ಲೇ ಇಡಿ. ಬೇಸ್ ಮುಂದೆ ಯಾರ ಕೈಗೆ ಹೋದರೂ ಆ ಚೀಲವೂ ಜೊತೆಗೆ ಹೋಗಲಿ.